ಆ ಕಡೆಯ ಗಾಜು

ಮೀನಿಗೆ ಒಂದು ಚಿಟಿಕೆ ಹೆಚ್ಚು ತಿನ್ನಿಸಿದವರು ಮೀನಕ್ಕನ ಅಂಗಡಿಗೆ ಬರುವಾಗ ಸ್ವಲ್ಪ ತಲೆ ತಗ್ಗಿಸಿಕೊಂಡೇ ಬರಬೇಕಿತ್ತು. ಟ್ಯಾಂಕಿನ ಕಲ್ಲುಗಳ ಮೇಲೆ ಕೂದಲು ಹುಟ್ಟಿದ ಹಾಗೆ ಪಾಚಿ ಬಂದಿದೆ, ಏನಾದರೂ ಔಷಧಿ ಕೊಡಿ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಅವಳು ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಪಾಚಿಯೇನು ಆಕಾಶದಿಂದ ಉದುರುತ್ತದೆಯೇ ಎಂದು ಶುರುವಾಗುತ್ತಿತ್ತು ಪಾಠ. ಮೀನು ತಿನ್ನದೆ ಬಿಟ್ಟದ್ದು ಕೊಳೆಯುತ್ತದೆ, ಕೊಳೆತದ್ದು ನೀರಿಗೆ ಗೊಬ್ಬರವಾಗುತ್ತದೆ, ಬಿಟ್ಟಿ ಗೊಬ್ಬರ ಸಿಕ್ಕ ಮೇಲೆ ಪಾಚಿ ಬೆಳೆಯದೆ ಇನ್ನೇನು ಮಾಡೀತು? ಹವಳವಿರುವ ಉಪ್ಪುನೀರಂತೂ ಹಸಿವಿನಲ್ಲೇ ಚೆನ್ನಾಗಿರುವ ನೀರು. ಪಾಪ, ಮೀನು ಬಾಯಿ ಬಾಯಿ ಬಿಡುತ್ತದೆ ಎಂದು ಕರಗಿಹೋಗುವವರು ಮೀನು ಸಾಕಬಾರದು, ನಾಯಿ ಸಾಕಬೇಕು. ಕೊನೆಗೆ ಬೆರಳು ತೋರಿಸಿ ಹೇಳುವ ಮಾತು ಮಾತ್ರ ಯಾವಾಗಲೂ ಒಂದೇ.

"ಪಾಚಿ ನೋಡ್ಬೇಡಿ. ಹಾಕೋ ಕೈ ಯಾವುದು ಅಂತ ನೋಡಿ."

ಬೈಸಿಕೊಂಡವರು ಮತ್ತೆ ಬರುತ್ತಿದ್ದರು. ಯಾಕೆಂದರೆ ಅವಳು ಹೇಳಿದ್ದು ಸುಳ್ಳಾದದ್ದೇ ಇಲ್ಲ. ಬೀಗ ರಿಪೇರಿಯವನ ಅಂಗಡಿಗೂ ಇಸ್ತ್ರಿಯವನ ಅಂಗಡಿಗೂ ನಡುವೆ ಒತ್ತರಿಸಿಕೊಂಡಿದ್ದ, ಸಾಕುವ ಮೀನು ಮಾರುವ ಆ ಅಂಗಡಿಯಲ್ಲಿ ಅವಳು ಹೆಚ್ಚುಕಡಿಮೆ ಮೂವತ್ತು ವರ್ಷದಿಂದ ನೀರು ಕಾಯುತ್ತಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಎರಡರ ನಡುವಿನ ಗೋಡೆಯಲ್ಲೇ ಕೂರಿಸಿದ್ದ ಆರಡಿ ಉದ್ದದ ಟ್ಯಾಂಕು ಅವಳ ಹೆಮ್ಮೆ. ಅದಕ್ಕೆ ಎರಡು ಮುಖ. ಈ ಕಡೆಯ ಗಾಜಿನಿಂದ ಗಿರಾಕಿಗಳು ನೋಡುತ್ತಿದ್ದರು, ಆ ಕಡೆಯ ಗಾಜು ಒಳಗಿನ ಕೋಣೆಗೆ ತೆರೆದುಕೊಂಡಿತ್ತು. ನೀರು ತಿಳಿಯಾಗಿದ್ದರೆ ಅಂಗಡಿಯಲ್ಲಿ ನಿಂತೇ, ಹವಳ ಮತ್ತು ಮೀನುಗಳ ಆಚೆ, ಕೋಣೆಯಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಕಾಣುತ್ತಿತ್ತು.

ಕೋಣೆಯಲ್ಲಿ ಇರುವವಳು ಒಬ್ಬಳೇ, ಮೀನಕ್ಕನ ತಂಗಿ. ಅವಳನ್ನು ಬೀದಿಯವರೆಲ್ಲ ಗುಬ್ಬಿ ಎನ್ನುತ್ತಿದ್ದರು. ಆ ಹೆಸರು ಇಟ್ಟವಳು ಅಕ್ಕನೇ. ಅಪ್ಪ ಮೊದಲೇ ಹೋಗಿ, ಅಮ್ಮನೂ ಹೋದಾಗ ಗುಬ್ಬಿ ಇನ್ನೂ ಲಂಗದ ಹುಡುಗಿ. ಅಕ್ಕ ಅವಳಿಗಿಂತ ಹತ್ತು ವರ್ಷ ದೊಡ್ಡವಳು. ಮುಂದೆ ತಟ್ಟೆ ಇಟ್ಟರೆ ಗುಬ್ಬಚ್ಚಿಯಂತೆ ಎರಡು ಅಗುಳು ಕುಕ್ಕಿ ಮುಖ ತಿರುಗಿಸುತ್ತಿದ್ದ ಹುಡುಗಿಯನ್ನು ಅಕ್ಕ ಗದರಿಸಿ, ಪುಸಲಾಯಿಸಿ, ಇನ್ನೊಂದು ತುತ್ತು, ಇದೊಂದೇ ತುತ್ತು ಎಂದು ಬೆನ್ನುಹತ್ತಿ ಬೆಳೆಸಿದ್ದಳು. ತಟ್ಟೆ ಖಾಲಿಯಾದ ದಿನ "ಜಾಣೆ" ಎನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ಬಾಯಿಂದ ಬಂದದ್ದು ಯಾರೂ ಕೇಳಿಲ್ಲ. ಆಮೇಲೆ ಮದುವೆಯ ಮಾತು ಬಂದಾಗಲೆಲ್ಲ ಇಬ್ಬರೂ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿ, ಕೊನೆಗೆ ಇಬ್ಬರೂ ಉಳಿದುಕೊಂಡರು. ಅಕ್ಕ ನೀರು ನೋಡಿಕೊಂಡಳು, ತಂಗಿ ಹವಳ ನೋಡಿಕೊಂಡಳು. ಹವಳದ ಕೊಂಬೆ ಕತ್ತರಿಸಿ, ಚೂರನ್ನು ಪುಟ್ಟ ಕಲ್ಲಿಗೆ ಅಂಟಿಸಿ, ಅದು ಚಿಗುರುವವರೆಗೆ ಕಾಯುವ ಕೆಲಸದಲ್ಲಿ ಗುಬ್ಬಿಯ ಕೈಗೆ ಸಮನಾದ ಕೈ ಆ ಸುತ್ತಿನಲ್ಲಿ ಇರಲಿಲ್ಲ.

ಆ ಗುಬ್ಬಿಯ ಅನ್ನನಾಳದಲ್ಲಿ ಗಂಟು ಬೆಳೆದಿತ್ತು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಗಂಟನ್ನು ಕತ್ತರಿಸಿ ತೆಗೆಯಬಹುದು, ಆದರೆ ಅಷ್ಟು ದೊಡ್ಡ ಆಪರೇಷನ್ ತಡೆದುಕೊಳ್ಳುವ ಶಕ್ತಿ ಈ ಮೈಯಲ್ಲಿಲ್ಲ, ಮೊದಲು ತೂಕ ಏರಬೇಕು ಎಂದರು. ಗಟ್ಟಿ ಪದಾರ್ಥ ಇಳಿಯುವುದಿಲ್ಲವಾದ್ದರಿಂದ ಡಬ್ಬಿಯಲ್ಲಿ ಬರುವ ಒಂದು ಪುಡಿ ಬರೆದುಕೊಟ್ಟರು. ವೆನಿಲ್ಲಾ ವಾಸನೆಯ ಆ ಪುಡಿಯನ್ನು ಹಾಲಿಗೆ ಕಲಸಿ ಹೊತ್ತುಹೊತ್ತಿಗೆ ಕುಡಿಯಬೇಕು. ಕುಡಿದು ತೂಕ ಏರಿದರೆ ಸರಿ, ಇಲ್ಲದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಅದರಲ್ಲೇ ಹಾಕಬೇಕಾಗುತ್ತದೆ.

ನಳಿಗೆ ಎಂಬ ಮಾತಿಗೆ ಗುಬ್ಬಿಯ ಮುಖ ಬಿಳಿಚಿಕೊಂಡಿತು. ಅವರಮ್ಮನ ಕೊನೆಯ ದಿನಗಳು ನಳಿಗೆಯಲ್ಲೇ ಕಳೆದಿದ್ದವು. ಕಿತ್ತುಹಾಕುತ್ತಾರೆಂದು ಅವರ ಎರಡೂ ಕೈಗಳನ್ನು ಮಂಚದ ಕಂಬಿಗೆ ಬಟ್ಟೆಪಟ್ಟಿಯಿಂದ ಕಟ್ಟಿದ್ದರು. ನೋಡಲು ಹೋದಾಗ ಅಮ್ಮ ಮಾತಾಡುತ್ತಿರಲಿಲ್ಲ, ಕಟ್ಟಿದ ಕೈಯ ಬೆರಳುಗಳನ್ನು ಮಾತ್ರ ಆಡಿಸುತ್ತಿದ್ದರು. ಅದನ್ನು ಇಬ್ಬರು ಹೆಣ್ಣುಮಕ್ಕಳೂ ಮರೆತಿರಲಿಲ್ಲ, ಅದರ ಮಾತೆತ್ತಿಯೂ ಇರಲಿಲ್ಲ.

"ಕುಡೀತೀನಿ ಡಾಕ್ಟ್ರೇ. ನಳಿಗೆ ಬೇಡ. ಬಕೆಟ್‌ಗಟ್ಲೆ ಕೊಟ್ರೂ ಕುಡೀತೀನಿ," ಎಂದಳು ಗುಬ್ಬಿ.

ಅಕ್ಕ ಅವಳ ಮಂಚವನ್ನು ಟ್ಯಾಂಕಿನ ಪಕ್ಕಕ್ಕೇ ಎಳೆದು ಹಾಕಿದಳು. ಅಂಗಡಿಯಲ್ಲಿ ನಿಂತು ಕಣ್ಣಿಟ್ಟಿರಬಹುದು ಎಂಬುದು ಒಂದು ಕಾರಣ, ಹವಳ ನೋಡುತ್ತ ಇವಳಿಗೂ ಹೊತ್ತು ಹೋಗುತ್ತದೆ ಎಂಬುದು ಇನ್ನೊಂದು. ಪುಡಿ ಕಲಸಿ ದೊಡ್ಡ ಲೋಟದ ತುಂಬ ಕೊಟ್ಟು, ಕುಡಿಯುವಾಗ ಎದುರು ಕೂತಳು. ಗುಬ್ಬಿ ಗುಟುಕು ಗುಟುಕಾಗಿ ನುಂಗುತ್ತ ಬೆವತುಹೋದಳು. ನೀನು ಹೀಗೆ ಪೊಲೀಸಿನವರ ಥರ ಕೂತರೆ ಇಳಿಯುವುದೂ ಇಳಿಯುವುದಿಲ್ಲ, ಅಂಗಡಿಗೆ ಹೋಗು, ಮುಗಿದ ಮೇಲೆ ಕರೆಯುತ್ತೇನೆ ಎಂದಳು. ಅದೂ ನ್ಯಾಯವೇ ಅನ್ನಿಸಿ ಅಕ್ಕ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ "ಅಕ್ಕಾ, ಆಯ್ತು" ಎಂಬ ಕೂಗು. ಲೋಟ ತಳ ಕಾಣುವಷ್ಟು ಖಾಲಿ. ಅಕ್ಕನ ಮುಖ ಅರಳಿತು. "ಜಾಣೆ" ಎಂದು ಲೋಟ ತೊಳೆಯಲು ಹೊರಟಳು.

ಅಂದಿನಿಂದ ಲೋಟ ಯಾವತ್ತೂ ಖಾಲಿಯಾಗಿಯೇ ಬಂತು.

ಅದೇ ಹೊತ್ತಿಗೆ ಟ್ಯಾಂಕು ಕೆಡತೊಡಗಿತು. ಮೊದಲು ಬೆಳಗಿನ ಹೊತ್ತು ಗಾಜಿನ ಮೇಲೆ ತೆಳ್ಳಗೆ ಬಿಳಿ ಪೊರೆ. ಆಮೇಲೆ ಕಂದು ಧೂಳು ಉದುರಿಸಿದಂತೆ. ಆಮೇಲೆ ಕಲ್ಲುಗಳ ಸಂದಿಯಿಂದ ಹಸಿರು ಎಳೆಗಳು ತಲೆಯೆತ್ತಿ, ಉದ್ದವಾಗಿ, ನೀರಿನ ಸೆಳೆತಕ್ಕೆ ಓಲಾಡುತ್ತ ಹವಳಗಳ ಕತ್ತು ಸುತ್ತಿಕೊಂಡವು. ಮೀನಕ್ಕನಿಗೆ ತಲೆ ಕೆಟ್ಟುಹೋಯಿತು. ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವಳ ಮನೆಯ ಗೋಡೆಯಲ್ಲೇ ಪಾಚಿ. ಬೀಗ ರಿಪೇರಿಯವನು ಇಣುಕಿ ನೋಡಿ, ಏನು ಮೀನಕ್ಕ, ಸೊಪ್ಪಿನ ವ್ಯಾಪಾರ ಶುರು ಮಾಡಿದಿರಾ ಎಂದು ಕೇಳಿ ಬೈಸಿಕೊಂಡ.

ಅವಳು ಸುಮ್ಮನೆ ಕೂರುವ ಪೈಕಿ ಅಲ್ಲ. ದೀಪ ಉರಿಯುವ ಹೊತ್ತನ್ನು ಅರ್ಧಕ್ಕರ್ಧ ಇಳಿಸಿದಳು. ನೀರು ಶುದ್ಧ ಮಾಡುವ ಫಿಲ್ಟರಿನ ಒಳಗಿನದೆಲ್ಲ ಹೊಸದು ಹಾಕಿದಳು. ಉಪ್ಪಿನ ಕಂಪನಿ ಬದಲಿಸಿದಳು. ವಾರವಾರ ಕಾಲುಭಾಗ ನೀರು ತೆಗೆದು ಹೊಸ ಉಪ್ಪುನೀರು ತುಂಬಿದಳು. ಕಲ್ಲುಗಳನ್ನು ಒಂದೊಂದಾಗಿ ಈಚೆ ತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು, ಬೆನ್ನು ಬಿದ್ದುಹೋಗುವವರೆಗೆ. ಪಾಚಿ ತಿನ್ನುವ ಬಸವನಹುಳುಗಳನ್ನು ಹಿಡಿಗಟ್ಟಲೆ ಬಿಟ್ಟಳು. ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆಯೆಂದು ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧಿ ಬೆರೆಸಿ ನೋಡಿದರೆ ಪ್ರತಿ ಸಲವೂ ಕಡುನೀಲಿ, ಎಂದರೆ ಮಿತಿಮೀರಿದೆ. ಪಾಚಿಗೆ ಅನ್ನ ಅದೇ. ಅದು ಎಲ್ಲಿಂದ ಬರುತ್ತಿದೆ?

ಹಾಕುವ ಕೈ ಯಾವುದು ನೋಡಬೇಕು. ಹಾಕುವ ಕೈ ಅವಳದೇ. ಅವಳು ಮೀನಿನ ಆಹಾರ ದಿನಬಿಟ್ಟು ದಿನಕ್ಕೆ ಇಳಿಸಿದಳು. ಸೋಜಿಗವೆಂದರೆ ಮೀನುಗಳು ಸೊರಗಲಿಲ್ಲ. ಹಳದಿ ಮೀನು ದುಂಡಗಾಗಿತ್ತು, ಕಿತ್ತಳೆ ಪಟ್ಟೆಯ ಜೋಡಿಯಂತೂ ಹೊಟ್ಟೆ ಬಿಟ್ಟುಕೊಂಡು ಮದುವೆಮನೆಯ ಊಟ ಮುಗಿಸಿದವರಂತೆ ತೇಲುತ್ತಿದ್ದವು. ಇನ್ನು ಸ್ಕಿಮ್ಮರ್. ನೀರಿನ ಜಿಡ್ಡನ್ನು ನೊರೆಯೆಬ್ಬಿಸಿ ಮೇಲಿನ ಬಟ್ಟಲಿಗೆ ಎತ್ತಿಹಾಕುವ ಯಂತ್ರ ಅದು. ಕೆಲವು ದಿನ ಬಟ್ಟಲು ತುಂಬಿ ಹೊರಗೆ ಚೆಲ್ಲುತ್ತಿತ್ತು, ಕೆಲವು ದಿನ ಎಣ್ಣೆ ಬಿದ್ದ ಹಾಗೆ ನೊರೆಯೇ ಸತ್ತುಹೋಗುತ್ತಿತ್ತು. ಅವಳು ಅದನ್ನು ಬಿಚ್ಚಿ ತೊಳೆದು ಜೋಡಿಸಿ, ಮತ್ತೆ ಬಿಚ್ಚಿ, ಕೊನೆಗೆ ಅದಕ್ಕೂ ಎರಡು ಬೈದಳು.

ಗುಬ್ಬಿ ಮಂಚದಲ್ಲಿ ಮಲಗಿ ಇದನ್ನೆಲ್ಲ ನೋಡುತ್ತಿದ್ದಳು. ಒಂದೇ ಒಂದು ಕೋರಿಕೆ ಅವಳದು. ಅಕ್ಕ ಉದ್ದ ಹಿಡಿಕೆಯ ಬ್ಲೇಡಿನಿಂದ ಗಾಜು ಕೆರೆಯುವಾಗ ಬರುವ ಕಿರ್ ಕಿರ್ ಸದ್ದು ತಲೆಯೊಳಗೇ ಹೊಕ್ಕಂತಾಗುತ್ತದೆ.

"ಈ ಕಡೆ ಗಾಜು ಕೆರೀಬೇಡ ಅಕ್ಕ. ತಲೆ ಸಿಡಿಯುತ್ತೆ. ಆ ಕಡೆ ಗಿರಾಕಿಗಳಿಗೆ ಕಂಡ್ರೆ ಸಾಕಲ್ವಾ?"

ಆಗಲಿ ಎಂದು ಅಕ್ಕ ಅಂಗಡಿಯ ಕಡೆಯ ಗಾಜನ್ನು ಮಾತ್ರ ಕೆರೆದು ಕೋಣೆಯ ಕಡೆಯದನ್ನು ಬಿಟ್ಟಳು. ಅದು ದಿನೇ ದಿನೇ ದಪ್ಪಗಾಗಿ ಹಸಿರು ಪರದೆಯಂತಾಯಿತು. ಅಂಗಡಿಯಿಂದ ನೋಡಿದರೆ ಮಂಚವೂ ಕಾಣದು, ತಂಗಿಯೂ ಕಾಣಳು.

ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಪ್ರತಿ ಸಲವೂ ಹಿಂದಕ್ಕೇ ಸರಿಯುತ್ತಿತ್ತು. ಡಾಕ್ಟರು ಹುಬ್ಬುಗಂಟಿಕ್ಕಿದರು. ಹಾಲು ಸರಿಯಾಗಿ ಕುಡಿಯುತ್ತಿದ್ದಾಳೆಯೇ ಎಂದು ಕೇಳಿದರು. ಲೋಟ ನೆಕ್ಕಿಟ್ಟ ಹಾಗೆ ಬರುತ್ತದೆ ಎಂದು ಅಕ್ಕ ಹೆಮ್ಮೆಯಿಂದಲೇ ಹೇಳಿದಳು. ಹಾಗಾದರೆ ತಿಂದದ್ದನ್ನೆಲ್ಲ ರೋಗವೇ ತಿನ್ನುತ್ತಿದೆ ಎಂದು ಅವರು ಗಂಟಿಗೆ ಇನ್ನೂ ಬಲವಾದ ಔಷಧಿ ಬರೆದರು, ಪುಡಿಯನ್ನು ಎರಡು ಪಟ್ಟು ಮಾಡಿ ಎಂದರು. ಅಕ್ಕ ಎರಡು ಪಟ್ಟು ಮಾಡಿದಳು. ಮುಂದಿನ ವಾರ ಪಾಚಿಯೂ ಎರಡು ಪಟ್ಟಾಯಿತು. ತಂಗಿ ಕಣ್ಣೆದುರಿಗೇ ಕರಗುತ್ತಿದ್ದಾಳೆ, ಪಾಚಿ ಕಣ್ಣೆದುರಿಗೇ ಕೊಬ್ಬುತ್ತಿದೆ, ಎರಡಕ್ಕೂ ಅವಳ ಕೈಯಲ್ಲಿ ಮದ್ದಿಲ್ಲ. ಎರಡೂ ಒಂದೇ ಲೆಕ್ಕ ಎಂದು ಆಗಲೂ ಅವಳಿಗೆ ಹೊಳೆಯಲಿಲ್ಲ. ಬೇರೆ ಯಾವ ಮನೆಯಲ್ಲಾದರೂ ಅವಳು ಹೊಸಿಲು ದಾಟುವ ಮೊದಲೇ ಹೇಳಿಬಿಡುತ್ತಿದ್ದಳು.

ಒಂದು ಬೆಳಗ್ಗೆ ಸ್ಕಿಮ್ಮರಿನ ಬಟ್ಟಲು ತೊಳೆಯುವಾಗ, ಆ ಕೊಳೆತ ನಾತದ ಹಿಂದೆ ಎಲ್ಲೋ ವೆನಿಲ್ಲಾದ ಎಳೆಯೊಂದು ಮೂಗಿಗೆ ಬಡಿಯಿತು. ಪುಡಿ ಕಲಸಿದ ತನ್ನ ಕೈಯದೇ ವಾಸನೆ ಎಂದುಕೊಂಡು ಅವಳು ಕೈಗೆ ಇನ್ನಷ್ಟು ಸೋಪು ಹಚ್ಚಿದಳು.

ಅವತ್ತೇ ಮಧ್ಯಾಹ್ನ ಒಂದು ಹೋಟೆಲಿನ ಮ್ಯಾನೇಜರ್ ಬರುವವನಿದ್ದ. ಅವನ ಹೋಟೆಲಿನ ಟ್ಯಾಂಕು ನೋಡಿಕೊಳ್ಳುವವಳೂ ಇವಳೇ, ಮೀನಿಗೆ ಹೆಚ್ಚು ಹಾಕಿ ಅವನೂ ಬೈಸಿಕೊಂಡವನೇ. ಹೊಸ ಹವಳ ಬೇಕೆಂದು ಹೇಳಿದ್ದ. ಈ ಕಾಡಿನೊಳಗೆ ಹವಳ ಎಲ್ಲಿದೆಯೆಂದು ತೋರಿಸುವುದು? ಹಿಂದಿನಿಂದ ಒಂದಿಷ್ಟು ಬೆಳಕಾದರೂ ಬರಲಿ ಎಂದು ಅವಳು, ಗುಬ್ಬಿ ಮಂಪರಿನಲ್ಲಿದ್ದಾಗ, ಬ್ಲೇಡು ಬಿಟ್ಟು ಮೆತ್ತನೆಯ ಸ್ಪಂಜಿನಿಂದ ಆ ಕಡೆಯ ಗಾಜನ್ನು ಅಂಗೈಯಗಲ ಒರೆಸಿದಳು. ಸದ್ದಾಗಲಿಲ್ಲ. ಆಮೇಲೆ ಹಾಲು ಕಲಸಿ ತಂದು, ಗುಬ್ಬಿಯನ್ನು ಎಬ್ಬಿಸಿ, ಲೋಟ ಕೈಗಿಟ್ಟು ಅಂಗಡಿಗೆ ಬಂದಳು.

ಮಾರುವ ಹವಳ ಆ ಕಿಂಡಿಯ ಬೆಳಕಿಗೆ ಹೇಗೆ ಕಾಣುತ್ತದೆಂದು ನೋಡಲು ಬಗ್ಗಿದಳು.

ನೀರಿನ ಮೇಲ್ಗಡೆಯಿಂದ ಬಿಳಿ ಮೋಡದಂಥದ್ದೊಂದು ನಿಧಾನವಾಗಿ ಇಳಿಯಿತು. ಮೀನುಗಳು ಎಲ್ಲೆಲ್ಲಿದ್ದವೋ ಅಲ್ಲಿಂದ ಓಡಿಬಂದವು, ದಿನದ ಊಟಕ್ಕೆ ಬರುವಂತೆ, ಯಾವ ಗಾಬರಿಯೂ ಇಲ್ಲದೆ. ಎರಡು ಬೆರಳು ನೀರಿಗಿಳಿದು ಆ ಬಿಳಿಯನ್ನು ಮೆಲ್ಲಗೆ ಕಲಕಿದವು. ಮತ್ತೊಂದಿಷ್ಟು ಸುರಿಯಿತು, ಮತ್ತೆ ಬೆರಳು ಕಲಕಿತು. ಅಂಗೈಯಗಲದ ಕಿಂಡಿಯಲ್ಲಿ ಗುಬ್ಬಿಯ ಮಂಡಿ ಕಾಣಿಸಿತು. ಬಚ್ಚಲಿಗೆ ಹೋಗಲು ಅಕ್ಕನ ಹೆಗಲು ಹಿಡಿಯುತ್ತಿದ್ದವಳು ಮಂಚದ ಮೇಲೆ ಮಂಡಿಯೂರಿ ನಿಂತಿದ್ದಳು, ಟ್ಯಾಂಕಿನ ಮುಚ್ಚಳಕ್ಕೆ ಕೈ ಎಟುಕಲೆಂದು. ಆಮೇಲೆ ನಡುಗುತ್ತ ಕೆಳಗೆ ಕೂತಳು. ಮುಖ ಕಿಂಡಿಗೆ ಸರಿಯಾಗಿ ಬಂತು. ಖಾಲಿ ಲೋಟವನ್ನು ತುಟಿಗೆ ಹಚ್ಚಿ ಮೇಲ್ತುಟಿಗೆ ಬಿಳಿ ಗೆರೆ ಮೆತ್ತಿಸಿಕೊಂಡು, ಟವೆಲಿನಿಂದ ಪೂರ್ತಿ ಒರೆಸದೆ, ಒಂಚೂರು ಉಳಿಸಿಕೊಂಡಳು.

"ಅಕ್ಕಾ, ಆಯ್ತು."

ಇಷ್ಟು ದಿನ ಆ ತುಟಿಯ ಮೇಲಿನ ಬಿಳಿ ಗೆರೆ ನೋಡಿಯೇ ಮೀನಕ್ಕ ಹಿಗ್ಗುತ್ತಿದ್ದದ್ದು. ಒಳಗೆ ಹೋದಳು. ಬೈಯಬೇಕು, ಅಳಬೇಕು, ಎರಡು ಬಾರಿಸಬೇಕು ಎಂದೆಲ್ಲ ಅನ್ನಿಸಿತು. ಲೋಟಕ್ಕೆ ಕೈ ಚಾಚಿದಾಗ ಬಾಯಿ ಮಾತ್ರ ತನ್ನ ಪಾಡಿಗೆ ತಾನು "ಜಾಣೆ" ಎಂದುಬಿಟ್ಟಿತು. ಗುಬ್ಬಿ ನಕ್ಕಳು. ಆ ನಗು ನೋಡಲಾರದೆ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಹೋಟೆಲಿನ ಮ್ಯಾನೇಜರ್ ಬಂದು ಕೂಗಿ ಕೂಗಿ ಹೋದ.

ಮರುದಿನ ಆಸ್ಪತ್ರೆ. ಹೇಳಿದರೆ ನಳಿಗೆ. ಹೇಳದಿದ್ದರೆ ತಂಗಿ ಇನ್ನೆರಡು ತಿಂಗಳಿಗೆ ಗಾಳಿಯಲ್ಲಿ ಕರಗಿಹೋಗುತ್ತಾಳೆ. ದಾರಿಯುದ್ದಕ್ಕೂ ಅವಳ ಎದೆಯಲ್ಲಿ ಇದೇ ಹೊಯ್ದಾಟ. ಗುಬ್ಬಿ ಮಾತ್ರ ಖುಷಿಯಾಗಿದ್ದಳು, ಬಾಡಿಗೆ ಕಾರಿನ ಡ್ರೈವರಿಗೆ ಹವಳ ಸಾಕುವ ಕಷ್ಟಸುಖ ಹೇಳುತ್ತಿದ್ದಳು. ಡಾಕ್ಟರು ಎಂದಿನಂತೆ ಕೇಳಿದರು. ಒಂದು ತೊಟ್ಟೂ ಬಿಡುವುದಿಲ್ಲ ಎಂದಳು ಗುಬ್ಬಿ.

"ಇವಳು ಕುಡೀತಿಲ್ಲ ಡಾಕ್ಟ್ರೇ," ಎಂದಳು ಅಕ್ಕ. ಧ್ವನಿ ತನ್ನದಲ್ಲ ಅನ್ನಿಸಿತು. "ಟ್ಯಾಂಕಿಗೆ ಹಾಕ್ತಿದ್ದಾಳೆ. ಮೀನು ಕುಡೀತಿವೆ."

ಡಾಕ್ಟರು ನಗಲಿಲ್ಲ. ನರ್ಸನ್ನು ಕರೆದರು. ಆಮೇಲೆ ಅಕ್ಕನನ್ನು ಹೊರಗೆ ನಿಲ್ಲಿಸಿ, ಇದು ಮೊದಲೇ ಗೊತ್ತಾಗಿದ್ದರೆ ಇಷ್ಟೊತ್ತಿಗೆ ಆಪರೇಷನ್ ಮುಗಿದಿರುತ್ತಿತ್ತು, ಅಷ್ಟು ಬಲವಾದ ಔಷಧಿಯನ್ನು ಖಾಲಿ ಹೊಟ್ಟೆಗೆ ಸುರಿದಂತಾಯಿತು ಎಂದರು. ಬೈದಂತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂಗಿಗೆ ಪಟ್ಟಿ ಅಂಟಿಸಿ, ನಳಿಗೆಯ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿ ಕಳಿಸಿದರು. ಕಾರಿನಲ್ಲಿ ಗುಬ್ಬಿ ಒಂದೇ ಮಾತಾಡಿದಳು.

"ಅಮ್ಮನ ಕೈ ಕಟ್ಟಿದಾಗ್ಲೂ ಹೂಂ ಅಂದವಳು ನೀನೇ."

ಆಗ ಅಕ್ಕನಿಗೆ ಇಪ್ಪತ್ತೆರಡು ವರ್ಷ, ಹೂಂ ಅನ್ನಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದನ್ನು ಹೇಳಿ ಏನು ಪ್ರಯೋಜನ?

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಹೊತ್ತುಹೊತ್ತಿಗೆ ಅಕ್ಕ ಹಾಲು ಸೋಸಿ ತಂದು, ನಳಿಗೆಯ ಬಾಯಿಗೆ ಸಿರಿಂಜು ಸಿಕ್ಕಿಸಿ ನಿಧಾನವಾಗಿ ಇಳಿಸುತ್ತಿದ್ದಳು. ಗುಬ್ಬಿ ಟ್ಯಾಂಕಿನ ಕಡೆ ಮುಖ ತಿರುಗಿಸಿ ಮಲಗಿರುತ್ತಿದ್ದಳು. ನಳಿಗೆಗೆ ಕೈ ಹಾಕಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದಳು. ಅಕ್ಕ ಅದನ್ನು ನೋಡಿಯೂ ನೋಡದಂತಿದ್ದಳು.

ಟ್ಯಾಂಕು ಮಾತ್ರ ಮಾತು ಕೇಳತೊಡಗಿತು. ಗೊಬ್ಬರ ನಿಂತ ಮೇಲೆ ಪಾಚಿಯ ಎಳೆಗಳು ಬಣ್ಣಗೆಟ್ಟು ಉದುರಿದವು. ಉಳಿದದ್ದನ್ನು ಬಸವನಹುಳುಗಳು ಮೇಯ್ದವು. ಮೀನಕ್ಕ ಅಷ್ಟಕ್ಕೆ ಬಿಡಲಿಲ್ಲ. ಅವಳಿಗೆ ಆ ಪಾಚಿಯ ಮೇಲೆ ಹಗೆ ಹುಟ್ಟಿತ್ತು. ತಂಗಿಯನ್ನು ಮರೆಮಾಡಿದ್ದು ಅದೇ, ತಂಗಿಯ ಪಾಲು ತಿಂದದ್ದೂ ಅದೇ. ಫಾಸ್ಫೇಟ್ ಹೀರುವ ಕಂದು ಹರಳುಗಳನ್ನು ಚೀಲ ಚೀಲ ಇಳಿಬಿಟ್ಟಳು, ನೀರು ಬದಲಿಸಿದಳು, ಎರಡೂ ಕಡೆಯ ಗಾಜು ಕೆರೆದಳು. ಕಿರ್ ಕಿರ್ ಸದ್ದಿಗೆ ಗುಬ್ಬಿ ಏನೂ ಅನ್ನಲಿಲ್ಲ. ಪರೀಕ್ಷೆಯ ಕೊಳವೆಯಲ್ಲಿ ನೀಲಿ ತೆಳುವಾಗುತ್ತಾ ಹೋಗಿ ಒಂದು ದಿನ ಬಣ್ಣವೇ ಬರಲಿಲ್ಲ. ನೀರು ಇದೆಯೋ ಇಲ್ಲವೋ ಎಂಬಷ್ಟು ತಿಳಿ.

ಅವತ್ತು ಸಿರಿಂಜು ಬಿಚ್ಚುವಾಗ ಗುಬ್ಬಿ ಬಾಯಿ ತೆರೆದಳು.

"ಹವಳ ಬಿಳಿಚ್ಕೋತಿದೆ ನೋಡು. ಎಲ್ಲಾ ತೆಗೆದ್ಬಿಟ್ಟಿದ್ದೀಯ. ಅದಕ್ಕೂ ಸ್ವಲ್ಪ ಏನಾದ್ರೂ ಬೇಕಲ್ವಾ?"

ಅಕ್ಕ ನೋಡಿದಳು. ನಿಜವಾಗಿಯೂ ನೇರಳೆ ಹವಳದ ತುದಿಗಳು ಸುಣ್ಣದಂತಾಗಿದ್ದವು. ಹೊರಗಿನವರಾಗಿದ್ದರೆ ಇದಕ್ಕೂ ಒಂದು ಪಾಠವಿತ್ತು ಅವಳಲ್ಲಿ. ಅವಳು ಮಂಚದ ಅಂಚಿಗೆ ಕೂತುಬಿಟ್ಟಳು.

"ಯಾಕೆ ಹಾಗ್ಮಾಡ್ದೆ ಗುಬ್ಬಿ? ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಎರಡು ಗುಟುಕಿಗೇ ನಿಂತುಬಿಡ್ತಿತ್ತು ಅಕ್ಕ. ಆಮೇಲೆ ಹೋಗ್ತಾನೇ ಇರ್ಲಿಲ್ಲ. ಹೇಳಿದ್ರೆ ಇದು," ಎಂದು ಮೂಗಿನ ಪಟ್ಟಿ ಮುಟ್ಟಿ ತೋರಿಸಿದಳು. "ಮತ್ತೆ ನೀನು ಲೋಟ ನೋಡಿ ಅಷ್ಟು ಖುಷಿಪಡ್ತಿದ್ದೆ. ಮೋರಿಗೆ ಚೆಲ್ಲೋಕೆ ಮನಸ್ಸಾಗ್ಲಿಲ್ಲ, ನೀನು ಕಲಸಿದ್ದು. ಇವಾದ್ರೂ ತಿನ್ಲಿ ಅಂತ."

ಚಿಕ್ಕಂದಿನಿಂದ ಪ್ರತಿ ತುತ್ತಿಗೂ ತಾನು ಮುಖ ಅರಳಿಸಿ ಬಾಡಿಸಿ ಇವಳನ್ನು ಹೀಗೆ ಮಾಡಿದೆನೇ ಎಂದು ಅಕ್ಕನಿಗೆ ಅನ್ನಿಸಿತು. ತಂಗಿಯ ಕೈಯನ್ನು ತೊಡೆಯ ಕೆಳಗಿನಿಂದ ಎಳೆದು ತನ್ನ ಕೈಯೊಳಗೆ ಇಟ್ಟುಕೊಂಡಳು. ಅದು ಹವಳದ ಕೊಂಬೆಯಷ್ಟೇ ಹಗುರವಾಗಿತ್ತು.

ನಳಿಗೆಯ ಹಾಲಿಗೆ ತೂಕದ ಮುಳ್ಳು ಒಂಚೂರು ಮೇಲೆ ಹತ್ತಿತು. ಡಾಕ್ಟರು ಆಪರೇಷನ್ನಿಗೆ ದಿನ ನೋಡೋಣ, ಅದಕ್ಕೆ ಮುಂಚೆ ಒಂದು ಸಲ ಸ್ಕ್ಯಾನ್ ಆಗಲಿ ಎಂದರು. ಸ್ಕ್ಯಾನ್ ನೋಡಿದ ಮೇಲೆ ದಿನದ ಮಾತೆತ್ತಲಿಲ್ಲ. ಗಂಟು ಆ ಹೊತ್ತಿಗೆ ಕತ್ತರಿಗೆ ಸಿಗದಷ್ಟು ದೂರ ಹರಡಿಕೊಂಡಿತ್ತು. ಇನ್ನು ಮನೆಯಲ್ಲೇ ಆರಾಮವಾಗಿರಲಿ, ನಳಿಗೆ ಇಟ್ಟುಕೊಳ್ಳುವುದು ಬಿಡುವುದು ನಿಮ್ಮಿಷ್ಟ, ಅದರಿಂದ ಈಗ ಹೆಚ್ಚಿನ ವ್ಯತ್ಯಾಸವಿಲ್ಲ ಎಂದರು.

ಗುಬ್ಬಿ ಅಕ್ಕನ ಮುಖ ನೋಡಿದಳು. ಅಕ್ಕ ನರ್ಸಿನ ಕಡೆ ತಿರುಗಿ, ತೆಗೆದುಬಿಡಿ ಎಂದಳು. ಹಾಗೆ ಹೇಳಲು ಅವಳ ಮನಸ್ಸು ಎಷ್ಟು ಒದ್ದಾಡಿತೆಂಬುದು ಅವಳಿಗೇ ಗೊತ್ತು. ಅವಳಿಗೆ ಗೊತ್ತಿದ್ದ ಪ್ರೀತಿ ಒಂದೇ, ಉಣ್ಣಿಸುವುದು. ಅದನ್ನು ಅವಳು ತಾನಾಗಿಯೇ ನಿಲ್ಲಿಸಿದಳು.

ಮನೆಗೆ ಬಂದ ಮೇಲೆ ಅವಳು ಹಾಲು ಕಲಸಿದಳು, ಅಭ್ಯಾಸ ಬಿಡಲಾಗದೆ. ಲೋಟ ಕೊಡಲಿಲ್ಲ, ಚಮಚದಲ್ಲಿ ತುಟಿಗೆ ಹಿಡಿದಳು. ಗುಬ್ಬಿ ಒಂದು ಚಮಚ ತೆಗೆದುಕೊಂಡಳು. ಇನ್ನೊಂದು ಅರ್ಧ. ಆಮೇಲೆ ತಲೆಯಾಡಿಸಿದಳು. ಇದೊಂದೇ ತುತ್ತು ಎಂಬ ಮಾತು ಅಕ್ಕನ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಉಳಿದದ್ದು ಅವಕ್ಕೆ ಹಾಕು," ಎಂದಳು ಗುಬ್ಬಿ. "ಸ್ವಲ್ಪ ಸ್ವಲ್ಪ. ಬೆರಳಲ್ಲಿ ಕಲಸ್ಬೇಕು, ಇಲ್ಲಾಂದ್ರೆ ತಳಕ್ಕೆ ಹೋಗುತ್ತೆ."

ಊರಿಗೆಲ್ಲ ಒಂದು ಚಿಟಿಕೆ ಹೆಚ್ಚಾಯಿತೆಂದು ಬೈದ ಮೀನಕ್ಕ ಟ್ಯಾಂಕಿನ ಮುಚ್ಚಳ ಎತ್ತಿ ಹಾಲು ಸುರಿದಳು. ಬೆರಳಿನಿಂದ ಕಲಕಿದಳು. ಮೀನುಗಳು ಹಳೆಯ ಗುರುತು ಸಿಕ್ಕಂತೆ ಓಡಿಬಂದವು. ಹಳದಿ ಮೀನು ಆ ಕಿತ್ತಳೆ ಪಟ್ಟೆಯವನ್ನು ಒತ್ತಿ ಮುಂದೆ ನುಗ್ಗುವುದನ್ನು ನೋಡಿ ಗುಬ್ಬಿ, ನಿನ್ನ ಥರಾನೇ ರೌಡಿ ಎಂದಳು. ಇಬ್ಬರೂ ನಕ್ಕರು. ಅಷ್ಟು ನಕ್ಕದ್ದಕ್ಕೇ ಗುಬ್ಬಿಗೆ ಸುಸ್ತಾಗಿ ನಿದ್ದೆ ಬಂತು.

ಅವಳು ಹೋದದ್ದು ಅದೇ ವಾರ, ಒಂದು ಮಧ್ಯಾಹ್ನ, ಮುಖ ಟ್ಯಾಂಕಿನ ಕಡೆ ಇಟ್ಟುಕೊಂಡು. ಕೈಗಳು ಹೊದಿಕೆಯ ಮೇಲೆ ಬಿಡುಬೀಸಾಗಿದ್ದವು.

ಮೀನಕ್ಕ ಅಂಗಡಿ ಬಹಳ ದಿನ ಮುಚ್ಚಲಿಲ್ಲ. ನೀರಿಗೆ ಸೂತಕವಿಲ್ಲ, ಪಂಪು ನಿಂತರೆ ಎಲ್ಲವೂ ಸಾಯುತ್ತವೆ. ಬಾಗಿಲು ತೆಗೆದ ಮೊದಲ ದಿನ ಗಲ್ಲಾದ ಹಿಂದೆ ನಿಂತು ತಲೆ ಎತ್ತಿದಳು. ತಿಳಿನೀರಿನ ಆಚೆ, ಫಳಫಳಿಸುವ ಎರಡು ಗಾಜುಗಳ ಆಚೆ, ಬರೀ ಮಂಚ ಕಂಡಿತು. ಹಾಸಿಗೆ ಸುತ್ತಿಟ್ಟಿದ್ದ ಮಂಚ. ದಿನವಿಡೀ ಎಲ್ಲಿ ತಿರುಗಿದರೂ ಅದೇ ಕಣ್ಣಿಗೆ ಹೊಡೆಯುತ್ತಿತ್ತು. ಪರದೆ ಹಾಕಿ ಎಂದ ಬೀಗ ರಿಪೇರಿಯವನು. ಅವಳು ಹಾಕಲಿಲ್ಲ.

ಅಡುಗೆಮನೆಯಲ್ಲಿ ಪುಡಿಯ ಡಬ್ಬಿ ಇನ್ನೂ ಅರ್ಧ ಉಳಿದಿತ್ತು. ಅವಳು ಹೊತ್ತಿಗೆ ಸರಿಯಾಗಿ ಒಂದಿಷ್ಟು ಕಲಸಿ, ಒಳಗಿನ ಕೋಣೆಗೆ ಹೋಗಿ, ಮುಚ್ಚಳ ಎತ್ತಿ, ಸ್ವಲ್ಪ ಸ್ವಲ್ಪವಾಗಿ ಸುರಿದು ಬೆರಳಿನಿಂದ ಕಲಕುತ್ತಿದ್ದಳು.

ಕೆಲವು ವಾರಗಳ ಮೇಲೆ ಹೋಟೆಲಿನ ಮ್ಯಾನೇಜರ್ ಬಂದ. ಮೀನು, ಹವಳ, ಅಂಗಡಿಯ ಕಡೆಯ ಗಾಜು ಎಲ್ಲವೂ ಚೆನ್ನಾಗಿದ್ದವು. ಹವಳದ ತುದಿಗಳಿಗೆ ನೇರಳೆ ಬಣ್ಣ ತಿರುಗಿ ಬಂದಿತ್ತು. ಹಿಂದಿನ ಗಾಜಿನ ಮೇಲೆ ಮಾತ್ರ, ಈ ತುದಿಯಿಂದ ಆ ತುದಿಯವರೆಗೆ, ದಟ್ಟ ಹಸಿರು. ಅದರ ಆಚೆ ಏನಿದೆಯೆಂದು ಕಾಣುತ್ತಿರಲಿಲ್ಲ. ಯಾರಾದರೂ ಮಲಗಿರಬಹುದು ಅನ್ನಿಸುವಂತಿತ್ತು. ಅವನಿಗೆ ಗೆದ್ದ ಖುಷಿ. ನನಗೆ ಅಷ್ಟು ಬೈದಿರಲ್ಲ, ಈಗ ನಿಮ್ಮ ಟ್ಯಾಂಕಿಗೆ ಹಾಕುವ ಕೈ ಯಾವುದು ಎಂದು ತಮಾಷೆ ಮಾಡಿ, ಕೊಡಿ ಬ್ಲೇಡು, ನಾನೇ ಕೆರೆದುಕೊಡುತ್ತೇನೆ ಎಂದು ಅಂಗಿಯ ತೋಳು ಮಡಚಿದ.

"ಆ ಕಡೆ ಗಾಜು ಬಿಡಿ," ಎಂದಳು ಮೀನಕ್ಕ. "ಕೆರೆದ್ರೆ ಅವಳಿಗೆ ತಲೆನೋವು ಬರುತ್ತೆ."

ಮ್ಯಾನೇಜರ್ ಮಡಚಿದ ತೋಳನ್ನು ಇಳಿಸಿದ. ಅವಳು ಹೋಟೆಲಿಗೆಂದು ತೆಗೆದಿಟ್ಟಿದ್ದ ಹವಳವನ್ನು ನೀರು ತುಂಬಿದ ಚೀಲದಲ್ಲಿಟ್ಟು, ಬಾಯಿಗೆ ರಬ್ಬರ್ ಬ್ಯಾಂಡು ಸುತ್ತಿ ಕೊಟ್ಟಳು.